ಲೆಕ್ಕಕ್ಕೆ ಬಾರದ ಸಾಲ: ಕಾಗದವಿಲ್ಲದ ಕೆಲಸ ನಮ್ಮ ಉದ್ದಿಮೆಗಳನ್ನು ಎಲ್ಲಿಗೆ ಒಯ್ಯುತ್ತಿದೆ?

2025ರ ನವೆಂಬರ್ 21ರಂದು ದೇಶದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಹಳೆಯ 29 ಕಾಯ್ದೆಗಳ ಜಾಗದಲ್ಲಿ ಇವು ನಿಂತವು. ಎರಡು ತಿಂಗಳು ಕಳೆಯುವಷ್ಟರಲ್ಲಿ, ಅಕ್ಟೋಬರ್–ಡಿಸೆಂಬರ್ ತ್ರೈಮಾಸಿಕದ ಲೆಕ್ಕ ಹೊರಬಂದಾಗ, ಇನ್ಫೊಸಿಸ್ ಈ ಸಂಹಿತೆಗಳ ಬಾಬ್ತಿಗೆಂದೇ 1,289 ಕೋಟಿ ರೂಪಾಯಿಯ ಹೊರೆ ತೋರಿಸಿತು. ಟಿಸಿಎಸ್ ತೋರಿಸಿದ್ದು 2,128 ಕೋಟಿ. ಸಂಬಳ ಏರಿಸಿದ್ದಕ್ಕೆ ಬಂದ ಹೊರೆ ಇದಲ್ಲ. ಬದಲಾದದ್ದು ವೇತನ ಎಂದರೆ ಏನು ಎಂಬ ವ್ಯಾಖ್ಯೆ. ಹೊಸ ವ್ಯಾಖ್ಯೆಯಲ್ಲಿ ಅಳೆದಾಗ, ನೌಕರರಿಗೆ ಕೊಡಬೇಕಿರುವ ಗ್ರಾಚ್ಯುಟಿ, ರಜೆ ಸಂಬಳ ಮುಂತಾದವುಗಳ ಮೊತ್ತ ಹಿಗ್ಗಿತು.

ಈ ಕಂಪನಿಗಳಲ್ಲಿ ಲೆಕ್ಕ ಬಲ್ಲವರಿದ್ದಾರೆ, ಆಡಿಟರುಗಳಿದ್ದಾರೆ. ಹಾಗಾಗಿ ಹೊರೆ ಕಾಗದದ ಮೇಲೆ ಬಂತು. ಆದರೆ ಅದೇ ಕಾನೂನು ಪೀಣ್ಯದ ಮಷಿನ್ ಶಾಪಿಗೂ, ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗೂ, ಹುಬ್ಬಳ್ಳಿಯ ಗೋಕುಲ ರಸ್ತೆಯ ವರ್ಕ್‌ಶಾಪಿಗೂ, ಮಂಗಳೂರಿನ ಬೈಕಂಪಾಡಿಯ ಶೆಡ್ಡಿಗೂ ಅನ್ವಯಿಸುತ್ತದೆ. ಅಲ್ಲಿಯೂ ಅದೇ ಬಗೆಯ ಸಾಲ ಬೆಳೆಯುತ್ತಿದೆ. ವ್ಯತ್ಯಾಸ ಒಂದೇ, ಅಲ್ಲಿ ಅದು ಯಾವ ಪುಸ್ತಕದಲ್ಲೂ ಬರೆದಿಲ್ಲ.

ಈ ಲೇಖನದ ಎಚ್ಚರಿಕೆ ಇಷ್ಟೇ. ಉದ್ಯೋಗದ ಕರಾರನ್ನು ಬರೆದು ಕೊಡದಿರುವುದು, ಅರೆಬರೆ ಬರೆಯುವುದು, ಇಲ್ಲವೇ ಗುತ್ತಿಗೆದಾರನ ಹೆಸರಿನಲ್ಲಿ ಬರೆಸುವುದು ಮಾಲೀಕನಿಗೆ ರಕ್ಷಣೆ ಎಂಬ ನಂಬಿಕೆ ನಮ್ಮಲ್ಲಿ ಬಹಳ ಕಾಲದಿಂದ ಇದೆ. ಕಾನೂನು ಈಗ ಆ ನಂಬಿಕೆಯನ್ನು ತಲೆಕೆಳಗು ಮಾಡಿದೆ. ಬರೆಯದೆ ಬಿಟ್ಟದ್ದೆಲ್ಲ ಇನ್ನು ಮಾಲೀಕನ ವಿರುದ್ಧದ ಸಾಕ್ಷ್ಯ. ಇದನ್ನು ಈಗಲೇ ಸರಿಪಡಿಸದಿದ್ದರೆ ಮುಂದಿನ ಕೆಲವೇ ವರ್ಷಗಳಲ್ಲಿ ಬಾಕಿ ಒಟ್ಟಿಗೆ ಎದುರಾಗುತ್ತದೆ. ಅದರ ಪೆಟ್ಟು ಮೊದಲು ಕೆಲಸಗಾರರ ಮೇಲೆ, ಆಮೇಲೆ ಉದ್ದಿಮೆಯ ಮೇಲೆ ಬೀಳುತ್ತದೆ.

ಕಾಗದವಿಲ್ಲದವರು ಎಷ್ಟು ಜನ?

ಕೇಂದ್ರ ಸರ್ಕಾರದ ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆ 2017-18ರಲ್ಲಿ ಒಂದು ಸರಳ ಪ್ರಶ್ನೆ ಕೇಳಿತು: ನಿಮ್ಮ ಕೆಲಸಕ್ಕೆ ಬರವಣಿಗೆಯ ಕರಾರು ಇದೆಯೇ? ಕೃಷಿಯೇತರ ವಲಯದಲ್ಲಿ ತಿಂಗಳ ಸಂಬಳ ಪಡೆಯುವವರಲ್ಲಿ ಶೇ. 71.1ರಷ್ಟು ಮಂದಿ ಇಲ್ಲ ಎಂದರು. ಶೇ. 54.2 ಮಂದಿಗೆ ಸಂಬಳಸಹಿತ ರಜೆ ಇರಲಿಲ್ಲ. ಶೇ. 49.6 ಮಂದಿಗೆ ಯಾವುದೇ ಸಾಮಾಜಿಕ ಭದ್ರತೆ ಇರಲಿಲ್ಲ. ಇವರು ದಿನಗೂಲಿಯವರಲ್ಲ. ತಿಂಗಳಿಗೊಮ್ಮೆ ಸಂಬಳ ಎಣಿಸುವ, ಕಾಯಂ ಕೆಲಸದಲ್ಲಿದ್ದೇವೆ ಎಂದುಕೊಂಡಿರುವ ಜನ. 2023-24ರ ಹೊತ್ತಿಗೆ ಕರಾರಿಲ್ಲದವರ ಪ್ರಮಾಣ ಸುಮಾರು ಶೇ. 58ಕ್ಕೆ ಇಳಿದಿದೆ. ಇಳಿಕೆ ಒಳ್ಳೆಯದೇ. ಆದರೂ ಐವರಲ್ಲಿ ಮೂವರ ಕೈಯಲ್ಲಿ ಇಂದಿಗೂ ಕಾಗದವಿಲ್ಲ.

ಕರ್ನಾಟಕದಲ್ಲಿ ಇದಕ್ಕೆ ಕಾನೂನಿನ ಕೊರತೆ ಕಾರಣವಲ್ಲ. ಇಲ್ಲಿನ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದು. ಕೆಲಸಕ್ಕೆ ಸೇರಿದ 30 ದಿನಗಳೊಳಗೆ ನೇಮಕಾತಿ ಆದೇಶ ಕೊಡಬೇಕು ಎಂದು ಅದರ 6-ಎ ಕಲಂ ಹೇಳುತ್ತದೆ. ಅದಕ್ಕೆಂದೇ ‘ನಮೂನೆ ಕ್ಯೂ’ ಇದೆ. ಅದೇ ಕಾಯ್ದೆಯ 39ನೇ ಕಲಂ ಪ್ರಕಾರ, ಆರು ತಿಂಗಳು ಸತತವಾಗಿ ದುಡಿದವರನ್ನು ಸಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದಕ್ಕೆ ಬದಲಾಗಿ ಸಂಬಳ ಕೊಡದೆ ತೆಗೆಯುವಂತಿಲ್ಲ. ಗಾಂಧಿ ಬಜಾರಿನ ಬಟ್ಟೆ ಅಂಗಡಿಯಿಂದ ಕೋರಮಂಗಲದ ಸ್ಟಾರ್ಟಪ್‌ವರೆಗೆ ಈ ನಿಯಮ ಹರಡಿಕೊಂಡಿದೆ. ‘ನಮ್ಮದು ಚಿಕ್ಕ ವ್ಯವಹಾರ, ಇದೆಲ್ಲ ಫ್ಯಾಕ್ಟರಿಗಳಿಗೆ’ ಎನ್ನುವ ಮಾಲೀಕರಲ್ಲಿ ಎಷ್ಟು ಮಂದಿ ಈ ನಮೂನೆಯನ್ನು ಒಮ್ಮೆಯಾದರೂ ಕಂಡಿದ್ದಾರೆ?

ಹೊಸ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಲ್ಲಿ ಪ್ರತಿಯೊಬ್ಬರಿಗೂ ನೇಮಕಾತಿ ಪತ್ರ ಕಡ್ಡಾಯ. ಮೊದಲೇ ಸೇರಿದ್ದು ಪತ್ರ ಸಿಗದವರಿಗೆ, ಸಂಹಿತೆ ಜಾರಿಯಾದ ಮೂರು ತಿಂಗಳೊಳಗೆ, ಎಂದರೆ 2026ರ ಫೆಬ್ರವರಿಯೊಳಗೆ ಕೊಡಬೇಕೆಂದು ಅದು ಹೇಳುತ್ತದೆ. ಹತ್ತು ವರ್ಷದಿಂದ ಬಾಯಿಮಾತಿನ ಮೇಲೆ ದುಡಿಯುತ್ತಿರುವ ಲೇತ್ ಆಪರೇಟರನಿಗೂ ಇದು ಸಲ್ಲುತ್ತದೆ.

ಪುರಾವೆಯ ಭಾರ ಹೆಗಲು ಬದಲಿಸಿದೆ

ಕಾಗದ ಕೊಡದಿದ್ದರೆ ಏನಾಗುತ್ತದೆ? ಇಲ್ಲಿಯೇ ದೊಡ್ಡ ಅಪಾಯವಿರುವುದು. ವೇತನ ಸಂಹಿತೆಯ 59ನೇ ಕಲಂ ಪ್ರಕಾರ, ಸಂಬಳ ಅಥವಾ ಬೋನಸ್ ಬಂದಿಲ್ಲ, ಕಡಿಮೆ ಬಂದಿದೆ, ಅಕ್ರಮವಾಗಿ ಕಡಿತವಾಗಿದೆ ಎಂದು ನೌಕರ ದೂರಿದರೆ, ಕೊಟ್ಟಿದ್ದೇನೆ ಎಂದು ಸಾಬೀತುಪಡಿಸುವ ಹೊಣೆ ಮಾಲೀಕನದು. ಕೊಟ್ಟಿಲ್ಲ ಎಂದು ನೌಕರ ತೋರಿಸಬೇಕಿಲ್ಲ. ದೂರು ಕೊಡಲು ಮೂರು ವರ್ಷಗಳ ಅವಕಾಶವಿದೆ. ನೌಕರನೇ ಬರಬೇಕೆಂದಿಲ್ಲ, ಅವನು ಸದಸ್ಯನಾಗಿರುವ ಸಂಘವೂ ಕೊಡಬಹುದು, ಇನ್‌ಸ್ಪೆಕ್ಟರೂ ಕೊಡಬಹುದು. ದೂರು ನಿಜವೆಂದು ಕಂಡರೆ ಬಾಕಿಯ ಜೊತೆಗೆ, ಆ ಬಾಕಿಯ ಹತ್ತು ಪಟ್ಟಿನವರೆಗೂ ಪರಿಹಾರ ವಿಧಿಸಲು ಪ್ರಾಧಿಕಾರಕ್ಕೆ ಅಧಿಕಾರವಿದೆ.

ಈ ನಾಲ್ಕನ್ನು ಒಟ್ಟಿಗೆ ಇಟ್ಟು ನೋಡಿ: ಮಾಲೀಕನ ಮೇಲೆ ಪುರಾವೆಯ ಭಾರ, ಮೂರು ವರ್ಷದ ಹಿನ್ನೋಟ, ಸಾಮೂಹಿಕ ದೂರಿನ ದಾರಿ, ಹತ್ತು ಪಟ್ಟಿನ ಪರಿಹಾರ. ಕವರಿನಲ್ಲಿ ನಗದು ಕೊಟ್ಟು, ಪುಸ್ತಕದಲ್ಲಿ ಒಂದು ಸಹಿ ಹಾಕಿಸಿಕೊಂಡು, ಓಟಿ ಲೆಕ್ಕವನ್ನು ಮೇಸ್ತ್ರಿಯ ಡೈರಿಗೆ ಬಿಟ್ಟ ಸಂಸ್ಥೆ ಇದರೆದುರು ಏನು ಹಾಜರುಪಡಿಸುತ್ತದೆ? ಸಂಬಳ ಪ್ರಾಮಾಣಿಕವಾಗಿ ಕೊಟ್ಟ ಮಾಲೀಕ ಕೂಡ ದಾಖಲೆಯಿಲ್ಲದೆ ಸೋಲಬಹುದು. ಕಾಗದ ಬೇಕಿರುವುದು ಕೆಟ್ಟ ಮಾಲೀಕನನ್ನು ಹಿಡಿಯಲಿಕ್ಕೆ ಮಾತ್ರವಲ್ಲ. ಒಳ್ಳೆಯ ಮಾಲೀಕನನ್ನು ಉಳಿಸುವುದೂ ಅದೇ.

ಚಿಕ್ಕ ಮೊತ್ತವೂ ಹೇಗೆ ಬೆಳೆಯುತ್ತದೆ ಎಂಬುದಕ್ಕೆ ಕರ್ನಾಟಕದ ಗಾರ್ಮೆಂಟ್ ಉದ್ಯಮವೇ ಪಾಠ ಕೊಟ್ಟಿದೆ. 2020ರ ಏಪ್ರಿಲ್‌ನಿಂದ ಹೊಲಿಗೆ ಕಾರ್ಮಿಕರಿಗೆ ತಿಂಗಳಿಗೆ ಸುಮಾರು 417 ರೂಪಾಯಿ ತುಟ್ಟಿಭತ್ಯೆ ಹೆಚ್ಚಾಗಬೇಕಿತ್ತು. ಸರ್ಕಾರ ಅದನ್ನು ಮುಂದೂಡಿತು, ಹೈಕೋರ್ಟ್ ಆ ಮುಂದೂಡಿಕೆಗೆ ತಡೆ ಕೊಟ್ಟಿತು, ಆದರೂ ಅನೇಕ ಕಾರ್ಖಾನೆಗಳು ಕೊಡಲಿಲ್ಲ. ಕೊನೆಗೆ ವಿದೇಶಿ ಬ್ರ್ಯಾಂಡುಗಳ ಮೇಲೆ ಒತ್ತಡ ಬಿದ್ದ ಮೇಲೆ, 2022ರಲ್ಲಿ ಬಾಕಿ ಪಾವತಿಗೆ ಚಾಲನೆ ಸಿಕ್ಕಿತು. 417 ರೂಪಾಯಿ ಎಂದರೆ ಒಂದು ಕುಟುಂಬದ ಕೆಲವು ದಿನಗಳ ತರಕಾರಿ, ಹಾಲು. ಒಂದು ಸಾವಿರ ಮಂದಿಯ ಕಾರ್ಖಾನೆ 20 ತಿಂಗಳು ಅದನ್ನು ಹಿಡಿದಿಟ್ಟರೆ ಬಾಕಿ 83 ಲಕ್ಷ ದಾಟುತ್ತದೆ. ತಿಂಗಳಿಗೊಮ್ಮೆ ಹಗುರಾಗಿ ಹೋಗಬೇಕಿದ್ದ ಹಣ ಒಂದೇ ದಿನ ಕೇಳಿದರೆ ಯಾವ ಕಾರ್ಖಾನೆಗೂ ಉಸಿರು ಕಟ್ಟುತ್ತದೆ.

ಬೇಸಿಕ್ ಕಡಿಮೆ, ಅಲೊವನ್ಸ್ ಜಾಸ್ತಿ

ಸಂಬಳದ ಚೀಟಿಯಲ್ಲಿ ಬೇಸಿಕ್ ಮತ್ತು ಡಿಎಯನ್ನು ಕೆಳಗಿಟ್ಟು, ಮನೆ ಬಾಡಿಗೆ, ಓಡಾಟದ ಭತ್ಯೆಗಳನ್ನು ಮೇಲೇರಿಸುವುದು ನಮ್ಮ ಎಚ್‌ಆರ್ ವಿಭಾಗಗಳ ಹಳೆಯ ಕೈಚಳಕ. ಪಿಎಫ್, ಗ್ರಾಚ್ಯುಟಿಗಳೆಲ್ಲ ಬೇಸಿಕ್ ಹಿಡಿದು ಲೆಕ್ಕವಾಗುತ್ತಿದ್ದುದರಿಂದ ಕಂಪನಿಗೆ ಉಳಿತಾಯ, ನೌಕರನಿಗೆ ಮುಪ್ಪಿನಲ್ಲಿ ಖೋತಾ.

ನ್ಯಾಯಾಲಯ ಇದನ್ನು ಮೊದಲೇ ಗುರುತಿಸಿತ್ತು. ಪಶ್ಚಿಮ ಬಂಗಾಳದ ವಿವೇಕಾನಂದ ವಿದ್ಯಾಮಂದಿರ ಪ್ರಕರಣದಲ್ಲಿ 2019ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ಎಲ್ಲ ನೌಕರರಿಗೂ ಒಂದೇ ತೆರನಾಗಿ ಕೊಡುವ ಭತ್ಯೆ ಹೆಸರಿಗಷ್ಟೇ ಭತ್ಯೆ, ಪಿಎಫ್ ಲೆಕ್ಕಕ್ಕೆ ಅದೂ ಮೂಲವೇತನವೇ ಎಂದಿತು. ಅಲ್ಲಿ ಕಟಕಟೆಯಲ್ಲಿದ್ದದ್ದು ಕಾರ್ಖಾನೆಗಳಷ್ಟೇ ಅಲ್ಲ, ಒಂದು ಶಾಲೆಯೂ ಎಂಬುದನ್ನು ನಮ್ಮ ಖಾಸಗಿ ಶಾಲೆಗಳ ಆಡಳಿತ ಮಂಡಳಿಗಳು ಗಮನಿಸಬೇಕು.

ಈಗ ವೇತನ ಸಂಹಿತೆ ಇದಕ್ಕೆ ಅಂಕಿಯ ಬೇಲಿ ಹಾಕಿದೆ. ವೇತನದಿಂದ ಹೊರಗಿಡಬಹುದಾದ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದ ಭಾಗ ತಾನಾಗಿ ವೇತನಕ್ಕೆ ಸೇರುತ್ತದೆ. ಒಬ್ಬರ ಸಂಬಳ 25,000 ರೂಪಾಯಿ ಎನ್ನಿ. ಬೇಸಿಕ್ ಮತ್ತು ಡಿಎ 10,000, ಮನೆ ಬಾಡಿಗೆ ಮತ್ತು ಓಡಾಟದ ಭತ್ಯೆ 15,000. ಅರ್ಧ ಎಂದರೆ 12,500. ಮೀರಿದ 2,500 ಸೇರಿ ಕಾನೂನಿನ ಕಣ್ಣಿನಲ್ಲಿ ಅವರ ವೇತನ 12,500 ಆಗುತ್ತದೆ. ಗ್ರಾಚ್ಯುಟಿಯ ಸೂತ್ರ, ಕೊನೆಯ ವೇತನವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿ ದುಡಿದ ವರ್ಷಗಳಿಂದ ಗುಣಿಸುವುದು. ಹಳೆಯ ಲೆಕ್ಕದಲ್ಲಿ ವರ್ಷಕ್ಕೆ 5,769 ರೂಪಾಯಿ, ಹೊಸ ಲೆಕ್ಕದಲ್ಲಿ 7,212. ಅರವತ್ತು ಮಂದಿ ತಲಾ ಎಂಟು ವರ್ಷ ದುಡಿದಿದ್ದರೆ ಮೊತ್ತ 27.7 ಲಕ್ಷದಿಂದ 34.6 ಲಕ್ಷಕ್ಕೇರುತ್ತದೆ. ಸುಮಾರು ಏಳು ಲಕ್ಷದ ಈ ಅಂತರಕ್ಕೆ ಹಣ ತೆಗೆದಿರಿಸಿದ ಸಣ್ಣ ಉದ್ದಿಮೆ ಎಲ್ಲಿದೆ? ಅಷ್ಟೇಕೆ, ಮೊದಲಿನ 27 ಲಕ್ಷಕ್ಕಾದರೂ ತೆಗೆದಿರಿಸಿದ್ದು ಎಷ್ಟು?

ಇದಕ್ಕೆ ಮತ್ತೊಂದು ಎಳೆ ಸೇರಿದೆ. ನಿಗದಿತ ಅವಧಿಯ ಕರಾರಿನ ಮೇಲೆ ದುಡಿಯುವವರು ಗ್ರಾಚ್ಯುಟಿಗಾಗಿ ಐದು ವರ್ಷ ಕಾಯಬೇಕಿಲ್ಲ, ಒಂದು ವರ್ಷ ಸಾಕು. ಕೆಲಸದ ವೇಳೆ, ವೇತನ, ಭತ್ಯೆಗಳೂ ಕಾಯಂ ನೌಕರರಿಗೆ ಸಮನಾಗಿರಬೇಕು. ಐದು ವರ್ಷ ತುಂಬುವ ಮುನ್ನವೇ ಕಳಿಸಿಬಿಟ್ಟರೆ ಗ್ರಾಚ್ಯುಟಿ ಉಳಿಯುತ್ತದೆ ಎಂಬ ಹಳೆಯ ಉಪಾಯ ಇವರ ವಿಷಯದಲ್ಲಿ ನಡೆಯುವುದಿಲ್ಲ.

ಗುತ್ತಿಗೆದಾರನ ಬೆನ್ನ ಹಿಂದೆ ಅಡಗಲಾಗದು

ಈ ಶತಮಾನದ ಆರಂಭದಲ್ಲಿ ನಮ್ಮ ನೋಂದಾಯಿತ ಕಾರ್ಖಾನೆಗಳ ಐವರು ಕಾರ್ಮಿಕರಲ್ಲಿ ಒಬ್ಬರು ಗುತ್ತಿಗೆದಾರನ ಮೂಲಕ ಬಂದವರು. ಕೈಗಾರಿಕೆಗಳ ವಾರ್ಷಿಕ ಸಮೀಕ್ಷೆಯ ಪ್ರಕಾರ 2022-23ರಲ್ಲಿ ಆ ಪ್ರಮಾಣ ಶೇ. 40 ದಾಟಿದೆ. ‘ಅವರು ನಮ್ಮವರಲ್ಲ, ಕಂಟ್ರಾಕ್ಟರ್ ಕಡೆಯವರು’ ಎಂಬ ಮಾತು ನಮ್ಮ ಕಾರ್ಖಾನೆಗಳ ಗೇಟಿನಲ್ಲಿ ದಿನವೂ ಕೇಳುತ್ತದೆ.

ಈ ಮಾತಿಗೆ ಕಾನೂನಿನಲ್ಲಿ ಬಲ ಎಂದೂ ಹೆಚ್ಚಿರಲಿಲ್ಲ. ಕಲ್ಲಿಕೋಟೆಯ ಹಗ್ಗದ ಕಾರ್ಖಾನೆಯೊಂದರ ಪ್ರಕರಣದಲ್ಲಿ, 1978ರಲ್ಲೇ, ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ನಡುವಿನ ಗುತ್ತಿಗೆದಾರರ ಪರದೆ ಸರಿಸಿ ನೋಡಬೇಕೆಂದರು: ಯಾರ ಉದ್ಯಮಕ್ಕಾಗಿ ದುಡಿಮೆ ನಡೆಯುತ್ತದೆ, ಯಾರ ಕೈಯಲ್ಲಿ ಆ ದುಡಿಮೆಯ ಬದುಕು ಇದೆ, ಅವನೇ ನಿಜವಾದ ಮಾಲೀಕ. 2001ರ ಸ್ಟೀಲ್ ಅಥಾರಿಟಿ ತೀರ್ಪು ಗುತ್ತಿಗೆ ನಿಷೇಧವಾದ ಮಾತ್ರಕ್ಕೆ ಕಾರ್ಮಿಕರು ತಾನಾಗಿ ಕಾಯಂ ಆಗುವುದಿಲ್ಲ ಎಂದಿತು, ನಿಜ. ಆದರೆ ಗುತ್ತಿಗೆಯೇ ಹುಸಿಯಾಗಿದ್ದರೆ ಅವರು ಮುಖ್ಯ ಮಾಲೀಕನ ನೌಕರರೇ ಎಂಬುದನ್ನೂ ಅದು ಉಳಿಸಿಕೊಂಡಿತು.

ಔದ್ಯೋಗಿಕ ಸುರಕ್ಷತೆಯ ಹೊಸ ಸಂಹಿತೆಯಲ್ಲಿನ ಗುತ್ತಿಗೆ ನಿಯಮಗಳು 50 ಅಥವಾ ಹೆಚ್ಚು ಗುತ್ತಿಗೆ ಕಾರ್ಮಿಕರಿರುವ ಕಡೆ ಅನ್ವಯವಾಗುತ್ತವೆ. ಹಳೆಯ ಮಿತಿ 20 ಇತ್ತು, ಇದು ಮಾಲೀಕರಿಗೆ ಸಡಿಲಿಕೆ. ಆದರೆ ಆ ಮಿತಿಯ ಒಳಗೆ ಬಂದ ಮೇಲೆ ಹಿಡಿತ ಬಿಗಿ. ಸಂಸ್ಥೆಯ ಮೂಲ ಕೆಲಸಕ್ಕೆ ಗುತ್ತಿಗೆ ಕಾರ್ಮಿಕರನ್ನು ಬಳಸುವಂತಿಲ್ಲ, ಕೆಲವು ವಿನಾಯಿತಿಗಳು ಮಾತ್ರ ಇವೆ. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಮುಖ್ಯ ಮಾಲೀಕ ಕೊಡಬೇಕು. ಕ್ಯಾಂಟೀನು, ಶೌಚಾಲಯ, ಕುಡಿಯುವ ನೀರು ಮುಂತಾದ ಸೌಲಭ್ಯಗಳ ಹೊಣೆ ಮುಖ್ಯ ಮಾಲೀಕನದೇ. ಪರವಾನಗಿ ಬೇಕಿದ್ದೂ ಅದಿಲ್ಲದ ಗುತ್ತಿಗೆದಾರನಿಂದ ಜನ ಪಡೆದರೆ, ಆ ಜನ ಮುಖ್ಯ ಮಾಲೀಕನ ನೌಕರರೆಂದೇ ಪರಿಗಣಿತರಾಗುತ್ತಾರೆ.

ಹೊಣೆ ಹಂಚಿ ಹೋದರೆ ಏನಾಗುತ್ತದೆ ಎಂಬುದನ್ನು ಕೋಲಾರದ ನರಸಾಪುರ ತೋರಿಸಿಕೊಟ್ಟಿದೆ. ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರಂದು ಹಿಂಸಾಚಾರ ನಡೆಯಿತು. ಅಲ್ಲಿದ್ದವರಲ್ಲಿ ಬಹುಪಾಲು ಮಂದಿ ಹಲವು ಏಜೆನ್ಸಿಗಳ ಮೂಲಕ ಬಂದ ಗುತ್ತಿಗೆ ಯುವಜನ. ಕೆಲವೇ ತಿಂಗಳಲ್ಲಿ ಕಾರ್ಮಿಕರ ಸಂಖ್ಯೆ ಸುಮಾರು ಎರಡು ಪಟ್ಟಾಗಿತ್ತು. ಎಂಟು ಗಂಟೆಯ ಪಾಳಿ ಹನ್ನೆರಡು ಗಂಟೆಯಾಗಿತ್ತು, ಹಾಜರಾತಿ ಮತ್ತು ಸಂಬಳದ ವ್ಯವಸ್ಥೆ ಈ ವೇಗಕ್ಕೆ ಹೊಂದಿಕೊಂಡಿರಲಿಲ್ಲ ಎಂಬುದು ರಾಜ್ಯದ ಕಾರ್ಖಾನೆಗಳ ಇಲಾಖೆಯ ತನಿಖೆಯಲ್ಲಿ ಹೊರಬಂತು. ಕೆಲವು ಕಾರ್ಮಿಕರಿಗೆ ಸರಿಯಾಗಿ, ಸಕಾಲಕ್ಕೆ ಸಂಬಳ ಸಿಕ್ಕಿರಲಿಲ್ಲ ಎಂದು ಕಂಪನಿಯೇ ಒಪ್ಪಿ ಕ್ಷಮೆ ಕೇಳಿತು, ಭಾರತದ ಹೊಣೆ ಹೊತ್ತ ಉಪಾಧ್ಯಕ್ಷರನ್ನು ತೆಗೆಯಿತು. ಆ್ಯಪಲ್ ಅದನ್ನು ನಿಗಾದಲ್ಲಿಟ್ಟು ಹೊಸ ಆರ್ಡರ್ ನಿಲ್ಲಿಸಿತು.

ಹಿಂಸೆಯನ್ನು ಯಾರೂ ಸಮರ್ಥಿಸಲಾಗದು. ಆದರೆ ಅದರ ಬೆಲೆ ತೆತ್ತವರು ಯಾರು ಎಂದು ಕೇಳಲೇಬೇಕು. ನೂರಕ್ಕೂ ಹೆಚ್ಚು ಮಂದಿ ಬಂಧಿತರಾದರು. ಊರಿನಲ್ಲಿ ಡಿಪ್ಲೊಮಾ ಮುಗಿಸಿ, ಮೊದಲ ಕೆಲಸಕ್ಕೆ ಬಂದು, ಸಂಬಳ ಏಕೆ ಕಡಿಮೆಯಾಯಿತು ಎಂದು ಯಾರನ್ನು ಕೇಳಬೇಕೆಂದೇ ತಿಳಿಯದಿದ್ದ ಹುಡುಗರಿಗೆ ಆ ಪ್ರಶ್ನೆಗೆ ಉತ್ತರ ಕೊಡುವ ಒಂದು ಹೆಸರು, ಒಂದು ಕಾಗದ, ಒಂದು ಕಿಟಕಿ ಇದ್ದಿದ್ದರೆ ಕಥೆ ಬೇರೆಯಾಗುವ ಅವಕಾಶವಿತ್ತು.

‘ತಾತ್ಕಾಲಿಕ’ ಎಂಬ ಹಣೆಪಟ್ಟಿ

ಹನ್ನೊಂದು ತಿಂಗಳ ಕರಾರು, ಒಂದು ದಿನದ ವಿರಾಮ, ಮತ್ತೆ ಹನ್ನೊಂದು ತಿಂಗಳು. ಸರ್ಕಾರಿ ಕಚೇರಿಗಳಿಂದ ಖಾಸಗಿ ಕಾಲೇಜುಗಳವರೆಗೆ ಈ ಪದ್ಧತಿ ಬೇರೂರಿದೆ. ಇದಕ್ಕೆ ಆಧಾರವಾಗಿ ಸರ್ಕಾರಗಳು ಬಹುಕಾಲ ತೋರಿಸಿದ್ದು ಕರ್ನಾಟಕದ್ದೇ ಪ್ರಕರಣ, 2006ರ ಉಮಾದೇವಿ ತೀರ್ಪು. ನಿಯಮಬದ್ಧ ನೇಮಕಾತಿ ಇಲ್ಲದೆ ಬಂದವರಿಗೆ ಕಾಯಂ ಆಗುವ ಹಕ್ಕಿಲ್ಲ ಎಂದು ಸಂವಿಧಾನ ಪೀಠ ಅಂದು ಹೇಳಿತ್ತು. ಆದರೆ 2024ರ ಡಿಸೆಂಬರ್‌ನಲ್ಲಿ, ಕೇಂದ್ರ ಜಲ ಆಯೋಗದ ಕಚೇರಿಯಲ್ಲಿ ದಶಕಕ್ಕೂ ಹೆಚ್ಚು ಕಾಲ ಗುಡಿಸಿ ಒರೆಸಿದ, ತೋಟ ನೋಡಿಕೊಂಡ ಕೆಲವರ ಮೇಲ್ಮನವಿಯಲ್ಲಿ ಸುಪ್ರೀಂ ಕೋರ್ಟ್, ಆ ತೀರ್ಪನ್ನು ದುಡಿಯುವವರ ವಿರುದ್ಧ ಆಯುಧ ಮಾಡಿಕೊಳ್ಳಲಾಗುತ್ತಿದೆ ಎಂದು ಕಟುವಾಗಿ ಆಕ್ಷೇಪಿಸಿತು. ಅವರನ್ನು ಕಾಯಂ ಮಾಡಲು ಆದೇಶಿಸಿತು.

ಆ ತೀರ್ಪು ಸರ್ಕಾರಿ ಸಂಸ್ಥೆಗೆ ಸಂಬಂಧಿಸಿದ್ದು. ಆದರೆ ಅದು ನೆನಪಿಸಿದ ಉದಾಹರಣೆ ಖಾಸಗಿ ಕಂಪನಿಯದು. ಅಮೆರಿಕದ ಮೈಕ್ರೊಸಾಫ್ಟ್ ಒಂದಷ್ಟು ಮಂದಿಯನ್ನು ‘ಫ್ರೀಲ್ಯಾನ್ಸರ್’ ಎಂದು ಕರೆದು, ಕಾಯಂ ನೌಕರರ ಪಕ್ಕದಲ್ಲೇ ಕೂರಿಸಿ ವರ್ಷಗಟ್ಟಲೆ ದುಡಿಸಿಕೊಂಡಿತು. ಅವರೂ ನೌಕರರೇ ಎಂದು ನ್ಯಾಯಾಲಯ ಹೇಳಿದ ಮೇಲೆ, 2000ದಲ್ಲಿ ಸುಮಾರು 97 ದಶಲಕ್ಷ ಡಾಲರ್ ಕೊಟ್ಟು ರಾಜಿಯಾಗಬೇಕಾಯಿತು. ಕರಾರಿನ ತಲೆಬರಹದಲ್ಲಿ ‘ಕನ್ಸಲ್ಟೆಂಟ್’, ‘ಪಾರ್ಟ್‌ನರ್’, ‘ಟ್ರೈನಿ’ ಎಂದು ಏನೇ ಬರೆಯಲಿ, ಕೆಲಸ ಹೇಗೆ ಮಾಡಬೇಕೆಂದು ಹೇಳುವವರು ಯಾರು, ಸಮಯ ನಿಗದಿ ಮಾಡುವವರು ಯಾರು ಎಂಬುದನ್ನೇ ನ್ಯಾಯಾಲಯಗಳು ನೋಡುತ್ತವೆ.

ಆ್ಯಪ್ ಆಧಾರಿತ ಕೆಲಸದಲ್ಲಿ ಕರ್ನಾಟಕ ಈಗ ಒಂದು ಹೆಜ್ಜೆ ಮುಂದಿದೆ. ಇಲ್ಲಿನ 2025ರ ಗಿಗ್ ಕಾರ್ಮಿಕರ ಕಾಯ್ದೆಯ ಪ್ರಕಾರ ಕರಾರು ಸರಳ ಭಾಷೆಯಲ್ಲಿರಬೇಕು, ಷರತ್ತು ಬದಲಿಸಲು 14 ದಿನ ಮೊದಲೇ ತಿಳಿಸಬೇಕು, ಕಾರಣ ಬರೆದು ಕೊಡದೆ ಐಡಿ ಬಂದ್ ಮಾಡುವಂತಿಲ್ಲ.

ಬಾಂಡ್ ಬರೆಸಿಕೊಳ್ಳುವ ಮುನ್ನ

ಕಾಗದ ಕೊಡದವರ ಸಮಸ್ಯೆ ಒಂದು ಬಗೆಯದಾದರೆ, ಬೇಡದ್ದನ್ನೆಲ್ಲ ಕಾಗದಕ್ಕೆ ತುರುಕುವವರದು ಇನ್ನೊಂದು. ಕೆಲಸ ಬಿಟ್ಟ ಮೇಲೆ ಎರಡು ವರ್ಷ ಪ್ರತಿಸ್ಪರ್ಧಿ ಕಂಪನಿಗೆ ಸೇರಕೂಡದು ಎಂಬ ಷರತ್ತು ಇಂದಿಗೂ ಬೆಂಗಳೂರಿನ ಅನೇಕ ನೇಮಕಾತಿ ಪತ್ರಗಳಲ್ಲಿದೆ. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಂ ಪ್ರಕಾರ ಅದು ಶೂನ್ಯ. ಕೆಲಸದಲ್ಲಿರುವಾಗ ಬೇರೆ ಕಡೆ ದುಡಿಯಬಾರದು ಎಂಬ ಷರತ್ತು ಸಿಂಧು ಎಂದು 1967ರಲ್ಲಿ, ಕೆಲಸ ಬಿಟ್ಟ ಮೇಲೂ ಕಟ್ಟಿಹಾಕುವ ಷರತ್ತು ನಿಲ್ಲದು ಎಂದು 1980ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಇತ್ಯರ್ಥವಾಗಿದೆ.

ಬಾಂಡ್ ವಿಷಯ ಸ್ವಲ್ಪ ಸೂಕ್ಷ್ಮ. ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ ತನ್ನ ಅಧಿಕಾರಿಗಳಿಂದ ಮೂರು ವರ್ಷದ ಸೇವೆಗೆ, ತಪ್ಪಿದರೆ ಎರಡು ಲಕ್ಷ ರೂಪಾಯಿಗೆ ಬಾಂಡ್ ಬರೆಸಿಕೊಂಡಿತ್ತು. ಕರ್ನಾಟಕ ಹೈಕೋರ್ಟ್ ಅದನ್ನು ಒಪ್ಪಲಿಲ್ಲ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಬ್ಯಾಂಕಿನ ಪರ ತೀರ್ಪು ಕೊಟ್ಟಿತು. ಸಾರ್ವಜನಿಕ ಬ್ಯಾಂಕು ಮುಕ್ತ ಪರೀಕ್ಷೆಯ ಮೂಲಕವೇ ಜನರನ್ನು ತೆಗೆದುಕೊಳ್ಳಬೇಕು, ಅದಕ್ಕೆ ಖರ್ಚು ಮತ್ತು ಸಮಯ ಹಿಡಿಯುತ್ತದೆ, ಮೊತ್ತ ಆ ಹುದ್ದೆಗೆ ಅತಿಯಾಗಿರಲಿಲ್ಲ ಎಂಬುದು ಅದರ ತರ್ಕ. ಇದನ್ನು ಓದಿ ‘ಬಾಂಡ್ ಎಲ್ಲವೂ ಈಗ ಸರಿ’ ಎಂದುಕೊಂಡ ಮಾಲೀಕರು ಅರ್ಧವನ್ನೇ ಓದಿದ್ದಾರೆ. ಅದೇ ತೀರ್ಪು ಕರಾರು ಮುಗಿದ ಮೇಲಿನ ನಿರ್ಬಂಧವನ್ನು ಎತ್ತಿಹಿಡಿದಿಲ್ಲ. ಎರಡು ವಾರ ಸ್ಲೈಡ್ ತೋರಿಸಿ ಅದನ್ನೇ ‘ತರಬೇತಿ’ ಎಂದು ಕರೆದು, ಹೊಸ ಎಂಜಿನಿಯರನಿಂದ ವರ್ಷದ ಸಂಬಳದಷ್ಟು ದಂಡ ಬರೆಸಿಕೊಂಡರೆ, ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಸಿಗುವುದು ಯುಕ್ತ ಪರಿಹಾರ ಮಾತ್ರ. ಇನ್ನು ಅಂಕಪಟ್ಟಿಯ ಮೂಲಪ್ರತಿಯನ್ನು ಒತ್ತೆ ಇಟ್ಟುಕೊಳ್ಳಲು ಯಾವ ಕಾನೂನೂ ಅಧಿಕಾರ ಕೊಟ್ಟಿಲ್ಲ.

‘ಯಾರು ಬಂದು ಕೇಳುತ್ತಾರೆ?’

ಇಷ್ಟೆಲ್ಲ ಹೇಳಿದರೂ ಮಾಲೀಕರಿಂದ ಬರುವ ಉತ್ತರಗಳು ಗೊತ್ತಿವೆ. ಇನ್‌ಸ್ಪೆಕ್ಟರ್ ಬರುವುದೇ ಅಪರೂಪ, ಬಂದರೂ ದಂಡ ಸಣ್ಣದು ಎನ್ನುತ್ತಾರೆ. ದಂಡ ದೊಡ್ಡದಲ್ಲ ಎಂಬುದು ನಿಜ. ಕಡಿಮೆ ವೇತನ ಕೊಟ್ಟರೆ ಮೊದಲ ಸಲ 50,000 ರೂಪಾಯಿವರೆಗೆ, ಐದು ವರ್ಷದೊಳಗೆ ಮತ್ತೆ ಮಾಡಿದರೆ ಮೂರು ತಿಂಗಳವರೆಗೆ ಸೆರೆ ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಆದರೆ ನಷ್ಟ ದಂಡದಿಂದ ಬರುವುದಿಲ್ಲ. ಅದು ಬಾಕಿಯಿಂದ, ಪರಿಹಾರದಿಂದ, ಕೈತಪ್ಪುವ ಆರ್ಡರಿನಿಂದ ಬರುತ್ತದೆ.

ಕೇಳಲು ಇನ್‌ಸ್ಪೆಕ್ಟರನೇ ಬರಬೇಕಿಲ್ಲ ಎಂಬುದನ್ನೂ ಗಮನಿಸಿ. ಹಿಂದೆ ಸಾಕ್ಷ್ಯವೆಲ್ಲ ಮಾಲೀಕನ ಕಪಾಟಿನಲ್ಲಿತ್ತು. ಈಗ ಅದು ಕೆಲಸಗಾರನ ಜೇಬಿನಲ್ಲಿದೆ. ಯುಪಿಐನಲ್ಲಿ ಬಂದ ಸಂಬಳ, ‘ನಾಳೆ ಭಾನುವಾರವೂ ಬಾ’ ಎಂಬ ವಾಟ್ಸ್ಆ್ಯಪ್ ಸಂದೇಶ, ಹಾಜರಾತಿ ಯಂತ್ರದ ಮುಂದೆ ತೆಗೆದ ಫೋಟೊ, ಪಿಎಫ್ ಜಮಾ ಆಗದ್ದನ್ನು ತೋರಿಸುವ ಮೊಬೈಲ್ ಪಾಸ್‌ಬುಕ್. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ವಿದ್ಯುನ್ಮಾನ ದಾಖಲೆಗೆ ಸಾಕ್ಷ್ಯದ ಸ್ಥಾನವಿದೆ. ಮಾಲೀಕನ ಬಳಿ ಏನೂ ಇಲ್ಲದೆ, ನೌಕರನ ಬಳಿ ಇಷ್ಟೆಲ್ಲ ಇರುವ ದಿನಗಳಿವು.

ಮೂರನೆಯ ಆಕ್ಷೇಪ ಹೆಚ್ಚು ಗಂಭೀರ: ಸಣ್ಣ ಉದ್ದಿಮೆಗೆ ಇಷ್ಟು ಭಾರ ಹೊರುವ ಶಕ್ತಿ ಎಲ್ಲಿದೆ? ಕಚ್ಚಾಮಾಲಿನ ಬೆಲೆ, ತಡವಾಗಿ ಬರುವ ಬಿಲ್ಲು, ಬಡ್ಡಿ, ಇವುಗಳ ನಡುವೆ ನಲುಗುವ ಮಾಲೀಕರ ಕಷ್ಟ ಸುಳ್ಳಲ್ಲ. ಅದಕ್ಕೇ ಈ ಎಚ್ಚರಿಕೆ ಈಗ ಬೇಕಿರುವುದು. ನೇಮಕಾತಿ ಪತ್ರಕ್ಕೆ ತಗಲುವುದು ಒಂದು ಹಾಳೆಯ ಖರ್ಚು. ಅದನ್ನು ಕೊಡದೆ ಮೂರು ವರ್ಷ ತಳ್ಳಿದರೆ ತಗಲುವುದು ಇಡೀ ವರ್ಷದ ಲಾಭ. ಸರ್ಕಾರವೂ ಸುಮ್ಮನಿರಬಾರದು. ಪ್ರತಿ ಕೈಗಾರಿಕಾ ಪ್ರದೇಶದಲ್ಲಿ ಕನ್ನಡದಲ್ಲಿ ಮಾದರಿ ಪತ್ರ, ಮಾದರಿ ಸಂಬಳ ಚೀಟಿ, ಸಲಹೆ ಕೊಡುವ ಕೌಂಟರ್ ಒದಗಿಸುವುದು ಕಾರ್ಮಿಕ ಇಲಾಖೆಯ ಕರ್ತವ್ಯ.

ಈ ವರ್ಷವೇ ಆಗಬೇಕಾದದ್ದು

ಮೊದಲನೆಯದು, ಹಳಬರು ಹೊಸಬರು ಎನ್ನದೆ ಎಲ್ಲರಿಗೂ ನೇಮಕಾತಿ ಪತ್ರ. ಅದರಲ್ಲಿ ಸೇರಿದ ದಿನಾಂಕ, ಹುದ್ದೆ, ಸಂಬಳದ ವಿವರ, ಕೆಲಸದ ವೇಳೆ, ರಜೆ, ನೋಟಿಸ್ ಅವಧಿ, ಪಿಎಫ್ ಮತ್ತು ಇಎಸ್‌ಐ ಸಂಖ್ಯೆ, ದೂರು ಹೇಳಬೇಕಾದವರ ಹೆಸರು ಇರಲಿ. ಹಳಬರ ಸೇವೆಯನ್ನು ಇಂದಿನಿಂದ ಶುರುವಾದಂತೆ ಬರೆಯುವ ಆಸೆಗೆ ಬೀಳಬೇಡಿ, ಅದು ಇನ್ನೊಂದು ಮೊಕದ್ದಮೆಯ ಬೀಜ. ಪತ್ರ ಓದಿ ತಿಳಿಯುವ ಭಾಷೆಯಲ್ಲಿರಲಿ: ಕಲಬುರಗಿಯವರಿಗೆ ಕನ್ನಡದಲ್ಲಿ, ಒಡಿಶಾದವರಿಗೆ ಒಡಿಯಾದಲ್ಲಿ ಅಥವಾ ಹಿಂದಿಯಲ್ಲಿ. ಅರ್ಥವಾಗದ ಪತ್ರಕ್ಕೆ ಹಾಕಿದ ಸಹಿ ವಿವಾದ ಬಂದಾಗ ಮಾಲೀಕನನ್ನು ಹೆಚ್ಚು ಕಾಯುವುದಿಲ್ಲ.

ಎರಡನೆಯದು, ಪ್ರತಿಯೊಬ್ಬರ ವೇತನವನ್ನು ಹೊಸ ವ್ಯಾಖ್ಯೆಯಲ್ಲಿ ಅಳೆದು, ಗ್ರಾಚ್ಯುಟಿಯ ಮೊತ್ತ ಎಷ್ಟೆಂದು ಬರೆದಿಡಿ. ಪ್ರತಿ ತಿಂಗಳು ಅದಕ್ಕಾಗಿ ಸ್ವಲ್ಪ ತೆಗೆದಿರಿಸಿ.

ಮೂರನೆಯದು, ಗುತ್ತಿಗೆದಾರನ ಬಿಲ್ಲಿಗೆ ಸಹಿ ಹಾಕುವ ಮುನ್ನ ಆತನ ಪರವಾನಗಿ, ಹಿಂದಿನ ತಿಂಗಳ ಸಂಬಳ ಪಟ್ಟಿ, ಪಿಎಫ್ ಚಲನ್ ನೋಡಿ. ಅಷ್ಟಕ್ಕೇ ನಿಲ್ಲದೆ ಇಬ್ಬರು ಮೂವರು ಕಾರ್ಮಿಕರನ್ನು ನೇರವಾಗಿ ಕೇಳಿ: ಕೈಗೆ ಎಷ್ಟು ಬಂತು? ಕಡಿಮೆ ದರಕ್ಕೆ ಜನ ಕೊಡುತ್ತೇನೆ ಎನ್ನುವ ಗುತ್ತಿಗೆದಾರ ಆ ಕಡಿತವನ್ನು ಯಾರ ಹೊಟ್ಟೆಯಿಂದ ತೆಗೆಯುತ್ತಾನೆ ಎಂಬುದು ಎಲ್ಲರಿಗೂ ಗೊತ್ತು.

ನಾಲ್ಕನೆಯದು, ಕೆಲಸ ಬಿಟ್ಟವರ ಸೆಟಲ್‌ಮೆಂಟ್. ರಾಜೀನಾಮೆಯಾಗಲಿ, ವಜಾ ಆಗಲಿ, ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು ಎನ್ನುತ್ತದೆ ವೇತನ ಸಂಹಿತೆ. 45 ದಿನ, 60 ದಿನ ಕಾಯಿಸುವ ರೂಢಿಗೆ ಇನ್ನು ಆಧಾರವಿಲ್ಲ.

ಐದನೆಯದು, ಸಂಬಳ ಚೀಟಿ, ಹಾಜರಾತಿ, ಓಟಿ ಈ ಮೂರರ ದಾಖಲೆ ಪ್ರತಿ ತಿಂಗಳು ತಾಳೆಯಾಗಲಿ. ಓಟಿಗೆ ಎರಡು ಪಟ್ಟು ದರ ಎಂಬುದು ಹೊಸದೇನಲ್ಲ, ಕೊಡುವ ಅಭ್ಯಾಸ ಮಾತ್ರ ಹೊಸದಾಗಬೇಕಿದೆ.

ಈ ಐದನ್ನು ಮಾಡಲು ದೊಡ್ಡ ವಕೀಲರು ಬೇಕಿಲ್ಲ, ಒಬ್ಬ ಶ್ರದ್ಧೆಯ ಅಕೌಂಟೆಂಟ್ ಮತ್ತು ಮಾಲೀಕನ ಮನಸ್ಸು ಸಾಕು. ಮಾಡದಿದ್ದರೆ ಆಗುವ ಹಾನಿಯ ಕ್ರಮವನ್ನು ಇಲ್ಲಿನ ಸಾಕ್ಷ್ಯಗಳೇ ಹೇಳುತ್ತವೆ. ಮೊದಲು, ಅಪಘಾತದಲ್ಲಿ ಕೈ ಕಳೆದುಕೊಂಡ ಕಾರ್ಮಿಕ ತಾನು ಅಲ್ಲಿ ದುಡಿಯುತ್ತಿದ್ದೆ ಎಂದು ಸಾಬೀತುಪಡಿಸಲಾಗದೆ ಪರಿಹಾರಕ್ಕೆ ಅಲೆಯುತ್ತಾನೆ, ಇಪ್ಪತ್ತು ವರ್ಷ ಹೊಲಿದ ಮಹಿಳೆ ಬರಿಗೈಯಲ್ಲಿ ಮನೆಗೆ ಹೋಗುತ್ತಾಳೆ. ಆಮೇಲೆ ದೂರುಗಳು ಒಂದರ ಹಿಂದೆ ಒಂದು ಬರುತ್ತವೆ, ಖರೀದಿದಾರರು ದೂರ ಸರಿಯುತ್ತಾರೆ, ಬಾಕಿ ಕಟ್ಟಲಾಗದ ಶೆಡ್ಡುಗಳು ಬಾಗಿಲು ಹಾಕುತ್ತವೆ. ಆಗ ಉಳಿದವರ ಕೆಲಸವೂ ಹೋಗುತ್ತದೆ. ಕಾರ್ಮಿಕನ ಹಕ್ಕು ಮತ್ತು ಉದ್ದಿಮೆಯ ಉಳಿವು ಒಂದಕ್ಕೊಂದು ಎದುರು ಎಂದು ವಾದಿಸುತ್ತ ನಾವು ಬಹಳ ವರ್ಷ ಕಳೆದಿದ್ದೇವೆ. ಈ ಕಾನೂನಿನ ಅಡಿಯಲ್ಲಿ ಎರಡನ್ನೂ ಕಾಯುವುದು ಒಂದೇ ಕಾಗದ. ಅದನ್ನು ಬರೆದು ಕೊಡಬೇಕಾದವರು ಮಾಲೀಕರು, ಕೊಡಬೇಕಾದ ಹೊತ್ತು ದೂರು ದಾಖಲಾಗುವುದಕ್ಕೆ ಮುಂಚೆ.